ಎತ್ತಿದ ಬಾನೆಟ್ಟು

ಬಂಗಾರಪೇಟೆ ಸ್ಟೇಷನ್ನಿನ ಮುಂದೆ ನಿಲ್ಲುತ್ತಿದ್ದ ಐದು ಬಾಡಿಗೆ ಕಾರುಗಳಲ್ಲಿ ಎಲ್ಲಕ್ಕಿಂತ ಮುದಿಯದು ಸೊಣ್ಣಪ್ಪನದು. ಅದು ಯಾವ ಕಂಪನಿಯ ಕಾರೆಂದು ಹೇಳುವ ಅಕ್ಷರಗಳು ಎಂದೋ ಉದುರಿಹೋಗಿದ್ದವು. ಚಿನ್ನದ ಗಣಿಯ ಯಾವನೋ ದೊರೆ ತನ್ನ ದೇಶಕ್ಕೆ ಹೊರಟಾಗ ಮಾರಿ ಹೋದದ್ದನ್ನು ಗಣಿಯ ಪಕ್ಕದ ಆಂಡರ್ಸನ್‌ಪೇಟೆಯ ದಿನಸಿ ಅಂಗಡಿ ಕೋದಂಡಪ್ಪ ಕೊಂಡಿದ್ದ, ಓಡಿಸುವುದು ಸೊಣ್ಣಪ್ಪ. ಇಂಜನ್ನಿನ ಬಿಸಿ ತೋರಿಸುವ ಮುಳ್ಳು ಬೇಸಿಗೆ ಬಂದರೂ ಚಳಿ ಬಂದರೂ ಒಂದೇ ಕಡೆ ಮಲಗಿರುತ್ತಿತ್ತು. ಸೊಣ್ಣಪ್ಪನಿಗೆ ಆ ಮುಳ್ಳು ಬೇಕಾಗಿಯೂ ಇರಲಿಲ್ಲ. ಇಂಜನ್ನು ಎಷ್ಟು ಕಾದಿದೆ ಅನ್ನುವುದನ್ನು ಅವನು ವಾಸನೆಯಲ್ಲೇ ಹೇಳಿಬಿಡುತ್ತಿದ್ದ.

ಬೇಸಿಗೆ ಕಾಲಿಟ್ಟಿತೆಂದರೆ ಉಳಿದ ಡ್ರೈವರುಗಳು ಅವನ ಹತ್ತಿರ ಬುದ್ಧಿ ಕೇಳಲು ಬರುತ್ತಿದ್ದರು. ಅವನೂ ಧಾರಾಳವಾಗಿ ಹೇಳುತ್ತಿದ್ದ. ರೇಡಿಯೇಟರಿನ ಜಾಲರಿಯಲ್ಲಿ ಸಿಕ್ಕಿಕೊಂಡ ಮಿಡತೆ, ಹುಲ್ಲಿನ ಹೂವು ಎಲ್ಲವನ್ನೂ ಪೊರಕೆ ಕಡ್ಡಿಯಲ್ಲಿ ಕೆದಕಿ ತೆಗೆಯಬೇಕು. ಏರು ಬಂದಾಗ ಗೇರು ಇಳಿಸಬೇಕು, ಇಂಜನ್ನನ್ನು ಗೋಳು ಹುಯ್ದುಕೊಳ್ಳಬಾರದು. ನಿಂತರೆ ಕಾರಿನ ಮೂತಿ ಗಾಳಿಯ ಕಡೆಗಿರಬೇಕು. ನೀರು ಕುದಿಯುತ್ತಿರುವಾಗ ಮುಚ್ಚಳ ಮುಟ್ಟಿದರೆ ಮುಖದ ಚರ್ಮ ಉಳಿಯುವುದಿಲ್ಲ. ಎರಡು ಬೀಡಿ ಸೇದುವಷ್ಟು ಹೊತ್ತು ಬಿಟ್ಟು, ಒದ್ದೆ ಗೋಣಿತಾಟು ಹಾಕಿ ಮೆಲ್ಲಗೆ ತಿರುಗಿಸಬೇಕು. ಆಮೇಲೆ ಇಂಜನ್ನು ಓಡುತ್ತಿರುವ ಹಾಗೇ ಸಣ್ಣ ಧಾರೆಯಲ್ಲಿ ನೀರು ಬಿಡಬೇಕು. ಒಮ್ಮೆಲೇ ತಣ್ಣೀರು ಸುರಿದರೆ ಇಂಜನ್ನಿನ ಬ್ಲಾಕು ಸೀಳುತ್ತದೆ. ಇಷ್ಟೆಲ್ಲ ಹೇಳಿ ಕೊನೆಗೆ ಫ್ಯಾನ್ ಬೆಲ್ಟಿಗೆ ಬರುತ್ತಿದ್ದ. ಬೆರಳಲ್ಲಿ ಒತ್ತಿದರೆ ಅರ್ಧ ಅಂಗುಲ ಬಗ್ಗಬೇಕು, ಅದಕ್ಕಿಂತ ಸಡಿಲವಾದರೆ ಫ್ಯಾನು ನೋಡುವುದಕ್ಕೆ ತಿರುಗುತ್ತದೆಯೇ ಹೊರತು ಗಾಳಿ ಎಳೆಯುವುದಿಲ್ಲ, ಒಳಗಿನ ನೀರೂ ಓಡುವುದಿಲ್ಲ ಅನ್ನುತ್ತಿದ್ದ.

ಇಷ್ಟು ತಿಳಿದವನ ಕಾರೇ ಬೇಸಿಗೆಯ ಪ್ರತಿ ಮಧ್ಯಾಹ್ನ, ಗಣಿಯ ಊರು ಇನ್ನೆರಡು ಮೈಲಿ ಇದೆ ಅನ್ನುವಾಗ ಹುಣಸೇಮರದ ದಿಣ್ಣೆಯಲ್ಲಿ ಬುಸ್ಸೆಂದು ಆವಿ ಬಿಟ್ಟು ನಿಂತುಬಿಡುತ್ತಿತ್ತು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಕಲಗಚ್ಚಿಗೆ ಬಿತ್ತು ಎಂದು ಉಳಿದ ಡ್ರೈವರುಗಳು ನಗುತ್ತಿದ್ದರು. ನಗಲಿ ಬಿಡಿ. ಅವರಿಗೆ ಗೊತ್ತಿಲ್ಲದ ಸಂಗತಿ ಏನೆಂದರೆ, ಆ ಕಾರು ತಾನಾಗಿ ಕುದಿಯುತ್ತಿರಲಿಲ್ಲ. ಸ್ಟೇಷನ್ನಿನ ಹಿಂದಿನ ಬೇವಿನ ಮರದಡಿ, ಯಾರೂ ನೋಡದ ಹೊತ್ತಿನಲ್ಲಿ, ಸೊಣ್ಣಪ್ಪನೇ ಸ್ಪ್ಯಾನರು ಹಿಡಿದು ಡೈನಮೋದ ಬೋಲ್ಟನ್ನು ಎರಡು ಸುತ್ತು ಬಿಚ್ಚಿ ಬೆಲ್ಟು ಸಡಿಲ ಮಾಡಿ ಹೊರಡುತ್ತಿದ್ದ. ಎರಡು ಸುತ್ತಿಗೆ ಸರಿಯಾಗಿ ದಿಣ್ಣೆಯ ಹತ್ತಿರ ನೀರು ಕುದಿಯುತ್ತಿತ್ತು. ಒಂದೂವರೆ ಸುತ್ತಾದರೆ ದಿಣ್ಣೆ ದಾಟಿಬಿಡುತ್ತಿತ್ತು. ಮೂರಾದರೆ ಅರ್ಧ ದಾರಿಯಲ್ಲೇ ಕೆಡುತ್ತಿತ್ತು. ಈ ಲೆಕ್ಕ ಕಲಿಯುವುದಕ್ಕೆ ಅವನಿಗೆ ಒಂದು ವಾರ ಹಿಡಿದಿತ್ತು.

ಯಾಕೆ ಈ ಕೆಡುಕು ಬುದ್ಧಿ ಎಂದರೆ, ದಿಣ್ಣೆಯ ಮೇಲೆ ಮುನಿಗಂಗಮ್ಮನ ಮನೆಯಿತ್ತು.

ಆ ರಸ್ತೆಗೆ ಒಂದು ಪದ್ಧತಿಯಿತ್ತು. ಬಾನೆಟ್ಟು ಎತ್ತಿ ನಿಂತ ಗಾಡಿ ಕಂಡರೆ ಹತ್ತಿರದ ಮನೆಯವರು ಯಾರೂ ಕೇಳುವ ಮೊದಲೇ ನೀರು ತಂದುಕೊಡಬೇಕು. ಯಾರ ಗಾಡಿ, ಒಳಗೆ ಯಾವ ಜಾತಿಯವರಿದ್ದಾರೆ ಎಂದು ವಿಚಾರಿಸುವ ಹಾಗಿಲ್ಲ. ದಾರಿಯಲ್ಲಿ ದಣಿದ ಎತ್ತಿಗೆ ನೀರು ತೋರಿಸುವ ಹಳೇ ಧರ್ಮವೇ ಮೋಟಾರಿಗೂ ಬಂದಿತ್ತು. ಹೋದ ವರ್ಷ, ಐವತ್ತೇಳರ ಬೇಸಿಗೆಯಲ್ಲಿ, ಕಾರು ನಿಜವಾಗಿಯೇ ಕುದ್ದು ನಿಂತಾಗ ಮುನಿಗಂಗಮ್ಮ ಆ ಧರ್ಮಕ್ಕೇ ಕೊಡ ಹೊತ್ತು ಬಂದಿದ್ದಳು. ನಲವತ್ತರ ಆಚೀಚಿನ ಹೆಂಗಸು. ಗಂಡ ಗಣಿ ಕೆಲಸದವನು, ಕೆಮ್ಮು ಹಿಡಿದು ತೀರಿಕೊಂಡು ಆರು ವರ್ಷವಾಗಿತ್ತು. ಮಕ್ಕಳಿಲ್ಲ. ಕೂಲಿ ಸಿಕ್ಕ ದಿನ ಬೆಳಗಿನ ಹೊತ್ತು ಹೊಲದ ಕೆಲಸಕ್ಕೆ ಹೋಗಿ ಬಂದು, ಉಳಿದ ಹೊತ್ತು ಜಗಲಿಯಲ್ಲಿ ಕೂತು ರಸ್ತೆ ನೋಡುತ್ತಿದ್ದಳು.

"ಇದಕ್ಕೇನು ಇಷ್ಟೊಂದು ಬಾಯಾರಿಕೆ? ನಮ್ಮ ಎಮ್ಮೇನೂ ಇಷ್ಟು ಕುಡೀತಿರ್ಲಿಲ್ಲ," ಅಂದಿದ್ದಳು ಅವತ್ತು.

ಸೊಣ್ಣಪ್ಪ ನಕ್ಕುಬಿಟ್ಟ. ನಕ್ಕ ಮೇಲೆ, ತಾನು ನಕ್ಕು ಎಷ್ಟು ಕಾಲವಾಯಿತು ಎಂದು ಅವನಿಗೇ ಆಶ್ಚರ್ಯವಾಯಿತು. ಅವನ ಹೆಂಡತಿ ಮೊದಲ ಹೆರಿಗೆಯಲ್ಲೇ ಹೋಗಿ ಇಪ್ಪತ್ತು ವರ್ಷ ಕಳೆದಿತ್ತು. ಕೋದಂಡಪ್ಪನ ಉಗ್ರಾಣದ ಹಿಂದಿನ ಕೋಣೆಯಲ್ಲಿ ಅವನ ವಾಸ. ದಿನಾ ರಾತ್ರಿ ಒಂದೇ ಒಂದು ಮುದ್ದೆ ತೊಳಸಿಕೊಂಡು ಉಣ್ಣುತ್ತಿದ್ದ. ಒಬ್ಬನಿಗಾಗಿ ಮುದ್ದೆ ತೊಳಸುವ ಕಷ್ಟ ತೊಳಸಿದವನಿಗೇ ಗೊತ್ತು. ಹಿಟ್ಟು ಅಷ್ಟು ಕಡಿಮೆಯಿದ್ದರೆ ಕೋಲಿಗೇ ಸಿಗುವುದಿಲ್ಲ.

ಅವತ್ತು ಎರಡು ಬೀಡಿ ಹೊತ್ತು ಅವನು ಹುಣಸೇಮರದ ಬೇರಿನ ಮೇಲೆ, ಅವಳು ತನ್ನ ಜಗಲಿಯ ಮೇಲೆ, ನಡುವೆ ಹತ್ತು ಮಾರು ಬಿಟ್ಟು ಕೂತರು. ಪ್ರಯಾಣಿಕರು ನೆರಳು ಹುಡುಕಿಕೊಂಡು ಗೊಣಗುತ್ತಿದ್ದರು. ಹೊರಡುವಾಗ ಅವಳು, "ಊಟ ಆಯ್ತಾ ಡ್ರೈವರೇ?" ಅಂತ ಕೇಳಿದಳು. ರಸ್ತೆಯವರೆಲ್ಲ ಅವನನ್ನು ಡ್ರೈವರಣ್ಣ ಅನ್ನುತ್ತಿದ್ದರು. ಇವಳು ಮಾತ್ರ ಆ ಅಣ್ಣನ ಬಾಲ ಹಚ್ಚಲಿಲ್ಲ. ಇದನ್ನು ಸೊಣ್ಣಪ್ಪ ಗಮನಿಸಿದ. ಮನೆಗೆ ಹೋಗಿ ಮತ್ತೆ ಮತ್ತೆ ನೆನೆಸಿಕೊಂಡ.

ಮಾರನೇ ದಿನವೇ ಆಂಡರ್ಸನ್‌ಪೇಟೆಯ ಮೆಕ್ಯಾನಿಕ್ಕು ಕುಪ್ಪುಸ್ವಾಮಿ ಬೆಲ್ಟು ಬಿಗಿ ಮಾಡಿಕೊಟ್ಟ. ಕಾರು ದಿಣ್ಣೆಯನ್ನು ಹೂವೆತ್ತಿದ ಹಾಗೆ ಹತ್ತಿ ದಾಟಿತು. ಕನ್ನಡಿಯಲ್ಲಿ ಆ ಜಗಲಿ ಚಿಕ್ಕದಾಗುತ್ತಾ ಹೋದದ್ದನ್ನು ಸೊಣ್ಣಪ್ಪ ಅದು ಮರೆಯಾಗುವ ತನಕ ನೋಡಿದ. ಕಾರು ಚೆನ್ನಾಗಿ ಓಡಿತೆಂದು ದುಃಖಪಟ್ಟ ಡ್ರೈವರು ಮೈಸೂರು ರಾಜ್ಯದಲ್ಲಿ ಅವನೊಬ್ಬನೇ ಇರಬೇಕು. ಎರಡು ದಿನ ಸಹಿಸಿದ. ಮೂರನೇ ದಿನ ಸ್ಪ್ಯಾನರು ಎತ್ತಿಕೊಂಡ.

ಸುಮ್ಮನೆ ನಿಲ್ಲಿಸಿ ಮಾತಾಡಿಸಬಾರದಿತ್ತೇ ಎಂದು ನೀವು ಕೇಳಬಹುದು. ಒಂಟಿ ಹೆಂಗಸಿನ ಮನೆ ಮುಂದೆ ಕಾರಣವಿಲ್ಲದೆ ಕಾರು ನಿಂತರೆ ಸಂಜೆಯೊಳಗೆ ಮೂರು ಊರಿಗೆ ಸುದ್ದಿ. ಅದೂ ಅಲ್ಲದೆ ಸೊಣ್ಣಪ್ಪನಿಗೆ ಕಾರಣವಿಲ್ಲದೆ ಯಾರ ಹತ್ತಿರವೂ ಮಾತು ಬರುತ್ತಿರಲಿಲ್ಲ. ಕುದಿಯುವ ರೇಡಿಯೇಟರು ಒಂದಿದ್ದರೆ ಊರಿಗೂ ಉತ್ತರವಾಯಿತು, ಅವನ ನಾಲಗೆಗೂ ಧೈರ್ಯವಾಯಿತು.

ಮಳೆಗಾಲ, ಚಳಿಗಾಲ ಅವನಿಗೆ ಶತ್ರುಗಳಾದವು. ಎಷ್ಟು ಸುತ್ತು ಬಿಚ್ಚಿದರೂ ಥಂಡಿಯಲ್ಲಿ ಇಂಜನ್ನು ಕುದಿಯಲೊಲ್ಲದು. ಅವಳು ಜಗಲಿಯಿಂದ ಕೈ ಎತ್ತುವಳು, ಇವನು ಹಾರನ್ನು ಎರಡು ಸಲ ಒತ್ತುವನು, ಅಷ್ಟೇ. ಆ ವರ್ಷ ಹಿಂಗಾರು ಕೈಕೊಟ್ಟಾಗ ಜನ ಆಕಾಶ ನೋಡಿ ನಿಟ್ಟುಸಿರಿಟ್ಟರೆ ಇವನೊಬ್ಬ ಒಳಗೊಳಗೇ ಹಿಗ್ಗಿದ. ಫೆಬ್ರವರಿಯಲ್ಲೇ ಬಿಸಿಲು ಚುರುಗುಟ್ಟತೊಡಗಿತು, ಕಾರು ಮತ್ತೆ ದಿಣ್ಣೆಯಲ್ಲಿ ನಿಂತಿತು.

"ಎಲ್ಲಿ ಓಗ್ಬುಟ್ಟಿದ್ರಿ ಇಷ್ಟು ದಿನ?" ಅಂದಳು ಮುನಿಗಂಗಮ್ಮ, ದಿನಾ ತನ್ನ ಮುಂದೆಯೇ ಹೋಗಿ ಬರುತ್ತಿದ್ದವನನ್ನು.

ಅವರ ಮಾತು ಯಾವಾಗಲೂ ಕಾರಿನ ಸುತ್ತಲೇ ತಿರುಗುತ್ತಿತ್ತು. ನೀರು ಎಲ್ಲಿಗೆ ಹೋಗುತ್ತದೆ, ಫ್ಯಾನು ಯಾಕೆ ಬೇಕು ಎಂದು ಅವಳು ಕೇಳುವಳು. ಒಲೆಯ ಮೇಲಿನ ಅನ್ನ ಉಕ್ಕಿದಾಗ ನೀವು ಸೆರಗಲ್ಲಿ ಗಾಳಿ ಹಾಕಲ್ವಾ, ಹಾಗೆ ಎಂದು ಇವನು ಹೇಳುವನು. ಒಂದು ದಿನ ಅವಳು ಬಾಗಿಲಿನ ಕಿಟಕಿಯಿಂದ ಒಳಗೆ ಇಣುಕಿ, ಸೀಟಿನ ಮೇಲೆ ಕೈಯಾಡಿಸಿ, "ಎಷ್ಟು ನೀರು ಉಯ್ದಿದೀನಿ ಇದಕ್ಕೆ. ಒಂದು ಸಾರಿನೂ ಇದ್ರಾಗೆ ಕುಂತಿಲ್ಲ ನೋಡಿ," ಅಂದಳು. ಆಮೇಲೆ ಇನ್ನೊಂದು ಮಾತು ಸೇರಿಸಿದಳು: "ನನ್ ತಮ್ಮ ಬೇತಮಂಗಲಕ್ಕೆ ಬಂದ್ಬುಡು ಅಂತ ಕರೀತಾವ್ನೆ. ಅಲ್ಲಿ ಕೆರೆ ತುಂಬಾ ನೀರೈತಂತೆ. ಓಗೋದಾದ್ರೆ ನಿಮ್ ಕಾರಲ್ಲೇ ಓಗ್ಬೇಕು ನಾನು."

ಸೊಣ್ಣಪ್ಪ ಹೋಗಬೇಡಿ ಅನ್ನಬೇಕಿತ್ತು. ಅದು ಬೇಡ, ಯಾವಾಗ ಹೋಗುತ್ತೀರಿ ಎಂದಾದರೂ ಕೇಳಬೇಕಿತ್ತು. ಅವನು ಗೋಣಿತಾಟು ಹಿಂಡುತ್ತಾ, "ಮುಚ್ಚಳದ ವಾಷರು ಸವೆದೋಗೈತೆ, ಬದಲಾಯಿಸ್ಬೇಕು," ಅಂದ. ಇಂಥ ಪೆದ್ದನಿಗೆ ಏನು ಹೇಳುವುದು.

ಏಪ್ರಿಲ್ ಹೊತ್ತಿಗೆ ಕುಪ್ಪುಸ್ವಾಮಿಗೆ ಗುಮಾನಿ ಬಂತು. ಬಾನೆಟ್ಟಿನೊಳಗೆ ತಲೆ ತೂರಿಸಿ ಬೋಲ್ಟು ನೋಡಿದವನು ತಲೆ ಹೊರಗೆ ತೆಗೆಯುತ್ತಲೇ ಬೈಯತೊಡಗಿದ.

"ಡೇಯ್ ಸೊಣ್ಣಪ್ಪಾ, ನಾನು ವಾರಕ್ಕೊಂದು ಸಾರಿ ಟೈಟ್ ಮಾಡ್ತೀನಿ. ಇದೇನು ತಾನಾಗೇ ಬಿಚ್ಕೊಳ್ತಾ? ಬೋಲ್ಟಿಗೆ ಪೇಯಿ ಹಿಡಿದೈತಾ, ದೆವ್ವ?"

"ರಸ್ತೆ ಸರಿಯಿಲ್ಲ ಮೇಸ್ತ್ರಿ, ಕುಲುಕಾಟ," ಅಂದ ಸೊಣ್ಣಪ್ಪ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುವ ಹಾಗೆ ಅವನ ಕೈ ತಾನಾಗಿ ಜೇಬಿನಲ್ಲಿದ್ದ ಸ್ಪ್ಯಾನರನ್ನು ಮುಚ್ಚಿಕೊಂಡಿತು.

"ಕುಲುಕಾಟಾನೋ ಏನು ಕಾಟಾನೋ. ಇನ್ನು ನಾಕು ಸಾರಿ ಹಿಂಗೆ ಕುದಿಸಿದ್ರೆ ಇಂಜನ್ ಹೆಡ್ಡು ಸೀಳ್ಬಿಡ್ತದೆ. ಆಮೇಲೆ ಕಾರೂ ಇಲ್ಲ, ಕೆಲಸಾನೂ ಇಲ್ಲ."

ಇಷ್ಟಕ್ಕೂ ಸೊಣ್ಣಪ್ಪ ಬಗ್ಗಲಿಲ್ಲ. ಹೆಡ್ಡು ಸೀಳಿದರೆ ಸೀಳಲಿ ಅನ್ನುವ ಮಟ್ಟಕ್ಕೆ ಅವನು ಬಂದಿದ್ದ. ಅವನನ್ನು ಬಗ್ಗಿಸಿದ್ದು ಬೇರೆಯೇ ಸಂಗತಿ.

ಮೇ ತಿಂಗಳ ಮೊದಲ ವಾರ. ಅವತ್ತು ಗಣಿಯ ಕಡೆಗೆ ಗಿರಾಕಿಯೇ ಸಿಗಲಿಲ್ಲ. ಸುಮ್ಮನೆ ನಿಂತು ಮಾಡುವುದೇನು ಎಂದು ಅವನು ದಿನದ ಹೊತ್ತಿಗಿಂತ ಒಂದು ಗಂಟೆ ಮೊದಲೇ ಖಾಲಿ ಕಾರು ಹೊಡೆದುಕೊಂಡು ಹೊರಟ. ಒಬ್ಬನೇ ಆದ್ದರಿಂದ ಭಾರವಿಲ್ಲ, ಕಾರು ಕುದಿಯಲಿಲ್ಲ. ಕುದಿಯುವ ತನಕ ತಡೆಯೋಣವೆಂದು ದಿಣ್ಣೆಯ ಕೆಳಗಿನ ತಿರುವಿನಲ್ಲಿ, ಹೊಂಗೆ ಮರದ ಮರೆಯಲ್ಲಿ ಇಂಜನ್ನು ಆರಿಸದೆ ನಿಲ್ಲಿಸಿದ. ಆಗ ಹೊಲದ ಕಡೆಯಿಂದ ಯಾರೋ ಬರುವುದು ಕಂಡಿತು.

ಮುನಿಗಂಗಮ್ಮ. ಸೊಂಟದಲ್ಲಿ ಮಣ್ಣಿನ ಕೊಡ. ಒಂದು ಮೈಲಿಯಾಚೆ ಚಿಕ್ಕವೆಂಕಟಪ್ಪ ಎತ್ತು ಕಟ್ಟಿ ನೀರೆತ್ತುವ ಕಪಿಲೆ ಬಾವಿಯಿಂದ ಬರುತ್ತಿದ್ದಳು, ಬರಿಗಾಲಲ್ಲಿ, ನೆತ್ತಿ ಸುಡುವ ಬಿಸಿಲಲ್ಲಿ. ಬದುವಿನ ಮೇಲೆ ಎರಡು ಕಡೆ ನಿಂತು ಕೊಡವನ್ನು ಈ ಸೊಂಟದಿಂದ ಆ ಸೊಂಟಕ್ಕೆ ಬದಲಾಯಿಸಿಕೊಂಡಳು. ಮನೆಯ ಹಿಂದೆ ಅವಳದೇ ಬಾವಿಯಿತ್ತು. ಅದರ ರಾಟೆಯಲ್ಲಿ ಹಗ್ಗವೇ ಇರಲಿಲ್ಲ. ಇದನ್ನು ಸೊಣ್ಣಪ್ಪ ಎಷ್ಟು ದಿನದಿಂದ ನೋಡುತ್ತಿದ್ದನೋ, ನೋಡಿಯೂ ಬಾವಿ ಬತ್ತಿದೆಯೆಂದು ಅವನಿಗೆ ಹೊಳೆದಿರಲಿಲ್ಲ. ಮನೆ ತಲುಪಿ ಕೊಡವನ್ನು ಗೋಡೆಯ ನೆರಳಲ್ಲಿಟ್ಟು, ಮೇಲೊಂದು ತಟ್ಟೆ ಮುಚ್ಚಿ, ಸೆರಗಲ್ಲಿ ಮುಖ ಒರೆಸಿಕೊಂಡಳು. ಹೊರಚಾಚಿದ ಕೂದಲನ್ನು ನೀರು ಹಚ್ಚಿ ನೀವಿಕೊಂಡಳು. ಆಮೇಲೆ ಬೆಳಗಿನಿಂದ ಅಲ್ಲೇ ಕೂತವಳ ಹಾಗೆ ಜಗಲಿಯ ಮೇಲೆ ಕೂತಳು.

ಅವನು ಎಷ್ಟೋ ಹೊತ್ತಿನ ಮೇಲೆ ಕಾರು ಹತ್ತಿಸಿದ. ಕೈಕಾಲು ಅಭ್ಯಾಸಬಲದಿಂದ ಕೆಲಸ ಮಾಡಿದವು: ನಿಲ್ಲಿಸಿದ, ಬಾನೆಟ್ಟು ಎತ್ತಿದ. ಅವಳು ಕೊಡ ತಂದಳು.

"ಬಾವಿಯಾಗೆ ನೀರು ಚೆನ್ನಾಗೈತಾ?" ಅಂದ, ಅವಳ ಮುಖ ನೋಡದೆ.

"ಐತೆ ಐತೆ. ಏನೂ ತಾಪತ್ರಯ ಇಲ್ಲ, ಉಯ್ರಿ ನೀವು," ಅಂದಳು ಅವಳು.

ಅವಳೂ ಸುಳ್ಳು ಹೇಳಿದಳು. ಸೊಣ್ಣಪ್ಪ ಆ ನೀರನ್ನು ಸಣ್ಣ ಧಾರೆಯಲ್ಲಿ ಹುಯ್ದ. ಕುಡಿಯುವ ನೀರು, ಒಂದು ಮೈಲಿ ಹೊತ್ತ ನೀರು, ತಾನು ಬೇಕೆಂದೇ ಕೆಡಿಸಿದ ಇಂಜನ್ನಿಗೆ. ಅರ್ಧ ಕೊಡಕ್ಕೇ ಸಾಕು ಎಂದು ವಾಪಸ್ಸು ಕೊಟ್ಟ. ಅವನ ಕಣ್ಣಲ್ಲಿ ನೀರು ಬಂತು, ಆವಿ ತಗುಲಿತು ಎಂದ. ತನ್ನ ಮೇಲೆ ಅವನಿಗೆ ಅಷ್ಟು ಹೇಸಿಗೆ ಯಾವತ್ತೂ ಆಗಿರಲಿಲ್ಲ.

ಆ ಸಂಜೆ ಅವನು ಕುಪ್ಪುಸ್ವಾಮಿಯ ಶೆಡ್ಡಿಗೆ ಹೋಗಿ ಹೊಸ ಬೆಲ್ಟು ಹಾಕಿಸಿದ. ಬೋಲ್ಟನ್ನು ತನ್ನ ಕೈಯಾರೆ ಬಿಗಿದ. ಸ್ಪ್ಯಾನರನ್ನು ಅಲ್ಲೇ ಬಿಟ್ಟು ಬಂದ.

"ಪೇಯಿ ಬಿಟ್ಟೋಯ್ತಾ?" ಅಂದ ಕುಪ್ಪುಸ್ವಾಮಿ.

ಇನ್ನು ನಿಲ್ಲಬಾರದು, ನಿಂತರೆ ಅವಳು ನೀರು ತರದೆ ಇರುವುದಿಲ್ಲ ಎಂದು ತೀರ್ಮಾನ ಮಾಡಿಕೊಂಡ. ಮೊದಲ ದಿನ ಕಾರು ದಿಣ್ಣೆ ಹತ್ತುವಾಗ ಅವಳು ಜಗಲಿಯಿಂದ ಎದ್ದು ನಿಂತದ್ದು ಕಂಡಿತು. ಹಾರನ್ನು ಎರಡು ಸಲ ಒತ್ತಿ ಹೋದ. ಎರಡನೇ ದಿನ ಅವಳು ರಸ್ತೆಯ ಅಂಚಿಗೇ ಬಂದು ನಿಂತಿದ್ದಳು, ಸೊಂಟದಲ್ಲಿ ಏನೋ ಇತ್ತು. ಅಯ್ಯೋ, ಮತ್ತೆ ಕೊಡ ಹೊತ್ತು ಬಂದಿದ್ದಾಳಲ್ಲ ಎಂದುಕೊಂಡ. ನಿಲ್ಲಿಸದಿರುವುದೇ ಧರ್ಮ ಎಂದು ಹಲ್ಲು ಕಚ್ಚಿ ಆಕ್ಸಿಲರೇಟರು ಒತ್ತಿದ. ಮೂರನೇ ದಿನ ಅವಳು ಕೈ ಅಡ್ಡ ಹಿಡಿದಳು. ಎದ್ದ ದೂಳಿನಲ್ಲಿ ಸರಿಯಾಗಿ ಏನೂ ಕಾಣಲಿಲ್ಲ. ಹಿಂದಿನ ಸೀಟಿನ ಗಿರಾಕಿಯೊಬ್ಬ, "ಏನಪ್ಪಾ ಸೊಣ್ಣಪ್ಪ, ನಿನ್ ಕಾರು ಕುದುರೆ ಆಗೋಗೈತಲ್ಲ!" ಅಂದ. ಸೊಣ್ಣಪ್ಪ ಹಾರನ್ನು ಎರಡು ಸಲ ಒತ್ತಿದ. ಒಳ್ಳೆಯ ಕೆಲಸ ಮಾಡಿದಾಗ ಆಗಬೇಕಾದ ಸಮಾಧಾನವೊಂದೂ ಆಗಲಿಲ್ಲ.

ನಾಲ್ಕನೇ ದಿನ ಜಗಲಿ ಖಾಲಿಯಿತ್ತು. ಬಾಗಿಲಿಗೆ ಬೀಗ.

ಆವತ್ತು ಅವನು ನಿಲ್ಲಿಸಿದ. ಕಾರಿನಲ್ಲಿ ಯಾರೂ ಇರಲಿಲ್ಲ. ಹುಣಸೇಮರದ ಕೆಳಗೆ ಕಪಿಲೆ ಬಾವಿಯ ಚಿಕ್ಕವೆಂಕಟಪ್ಪ ಕೂತಿದ್ದ, ಪಕ್ಕದಲ್ಲಿ ತಟ್ಟೆ ಮುಚ್ಚಿದ ಮಣ್ಣಿನ ಕೊಡ. ಮುದುಕ ಇವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ನೀನೇನಾ ಆ ಡ್ರೈವರು? ಮೂರು ದಿನ ನಿಂತಿದ್ಲಲ್ಲಪ್ಪಾ ಆಯಮ್ಮ ನಿನ್ ಕಾರಿಗೆ. ಬಟ್ಟೆ ಗಂಟು ಸೊಂಟದಾಗಿಟ್ಕೊಂಡು."

"ಗಂಟಾ?" ಅಂದ ಸೊಣ್ಣಪ್ಪ.

"ಇನ್ನೇನು ಮತ್ತೆ? ನೀರಿಲ್ದೆ ಇರೋಕಾಯ್ತದಾ ಇಲ್ಲಿ? ತಮ್ಮನ ಮನೇಗೆ ಒಂಟ್ಲು, ಬೇತಮಂಗಲಕ್ಕೆ. ಡ್ರೈವರು ನಿಲ್ಸೇ ನಿಲ್ಸ್ತಾರೆ, ಅವರ ಕಾರು ಇಲ್ಲಿಗೆ ಬಂದ್ರೆ ಕುದೀತದೆ, ಅದ್ರಾಗೇ ಓಗ್ತೀನಿ ಅಂತಿದ್ಲು. ನೀನು ಪೀಂ ಪೀಂ ಅಂತ ಓದೆ. ನಿನ್ನೆ ಸಂಜೆ ನಡ್ಕೊಂಡೇ ಓದ್ಲು, ಆಂಡರ್ಸನ್‌ಪೇಟೆ ಗಂಟ, ಬಸ್ಸಿಗೆ."

ಸೊಣ್ಣಪ್ಪ ಕಾರಿನ ಬಾಗಿಲು ಹಿಡಿದುಕೊಂಡ. ಆಂಡರ್ಸನ್‌ಪೇಟೆ. ನಿನ್ನೆ ಸಂಜೆ ಅವನು ಅಲ್ಲೇ ಇದ್ದ, ಉಗ್ರಾಣದ ಹಿಂದೆ, ಒಂದು ಮುದ್ದೆ ತೊಳಸುತ್ತಾ.

ಮುದುಕ ಕೊಡವನ್ನು ಕಾಲಿನಿಂದ ಈಚೆಗೆ ಸರಿಸಿದ. "ಇದು ನಿಂಗೆ. ಓಗೋಕೆ ಮುಂಚೆ ನನ್ ಬಾವೀಗೆ ಬಂದು ತುಂಬ್ಸಿ ಕೊಟ್ಲು. ಡ್ರೈವರು ಬಂದ್ರೆ ನೀರಿಲ್ದೆ ಇಂಜನ್ ಕೆಟ್ಟೋದೀತು ಅಂದ್ಲು."

ತಮ್ಮನ ಹೆಸರೇನು ಎಂದು ಕೇಳಿದ್ದರೆ ಮುದುಕ ಹೇಳುತ್ತಿದ್ದನೋ ಏನೋ. ಸೊಣ್ಣಪ್ಪನ ಬಾಯಿಯವರೆಗೆ ಬಂತು. ಪರಗಂಡಸು ವಿಧವೆಯ ಮನೆಯವರ ಹೆಸರು ಯಾಕೆ ಕೇಳುತ್ತಾನೆ ಎಂದು ಆ ಮುದುಕನ ಕಣ್ಣು ಆಗಲೇ ಕೇಳುತ್ತಿತ್ತು. ಎರಡು ಬೇಸಿಗೆ, ಎಷ್ಟೋ ಜೋಡಿ ಬೀಡಿಯ ಹೊತ್ತು ಅವಳ ಎದುರು ಕೂತಿದ್ದ. ಅವಳ ತಮ್ಮನ ಹೆಸರು, ತೌರಿನ ಹೆಸರು ಒಂದನ್ನೂ ಕೇಳಿರಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಕೊಡ ಎತ್ತಿ ಮುಂದಿನ ಸೀಟಿನಲ್ಲಿಟ್ಟು, ಬೀಳದ ಹಾಗೆ ಗೋಣಿತಾಟು ಒತ್ತರಿಸಿ, ಹೊರಟ.

ಆಂಡರ್ಸನ್‌ಪೇಟೆಯಲ್ಲಿ ನಿಲ್ಲಲಿಲ್ಲ. ಕೋದಂಡಪ್ಪನ ಅಂಗಡಿ ಮುಂದೆಯೇ ದಾಟಿ ನೇರವಾಗಿ ಬೇತಮಂಗಲದ ರಸ್ತೆ ಹಿಡಿದ. ಮಣ್ಣಿನ ಕೊಡ ಯಾರೂ ವಾಪಸ್ಸು ಕೇಳುವ ಪದಾರ್ಥವಲ್ಲ. ಆದರೂ ಕೇಳಿದವರಿಗೆ, ಕೊಡ ವಾಪಸ್ಸು ಕೊಡುವುದಕ್ಕೆ ಬಂದೆ ಎನ್ನಬಹುದಲ್ಲ ಎಂದು ದಾರಿಯಲ್ಲಿ ಯೋಚಿಸಿದ. ಬಿಸಿಲು ಕಾಯಿಸಿದ ಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ಏರಿನಲ್ಲೂ ಇಳಿಜಾರಿನಲ್ಲೂ ಕಾರು ಒಂದೇ ಸಮನೆ ಓಡಿತು.

ಊರು ಬಂತು. ಪೇಟೆಯಲ್ಲಿ ನಿಂತು ಯಾರನ್ನು ಕೇಳುವುದು, ಏನೆಂದು ಕೇಳುವುದು? ನಿನ್ನೆಯಷ್ಟೇ ಗಂಟು ಹೊತ್ತು ಬಂದವಳನ್ನು ಇವತ್ತು ಕಾರಿನವನೊಬ್ಬ ಹುಡುಕಿಕೊಂಡು ಬಂದ ಎಂದರೆ ತಮ್ಮನ ಮನೆಯಲ್ಲಿ ಅವಳ ಗತಿ ಏನು? ಅಷ್ಟು ತಿಳಿವಳಿಕೆ ಆ ಪೆದ್ದನಿಗೂ ಇತ್ತು. ಅವನು ಕೆರೆ ಏರಿಯ ಮೇಲೆ ಹೋಗಿ, ಊರಿನವರು ನೀರಿಗೆ ಬರುವ ದಾರಿಯ ಎದುರಿಗೇ ನಿಲ್ಲಿಸಿದ. ಮೂತಿಯನ್ನು ಗಾಳಿಗೆ ತಿರುಗಿಸಿದ. ಇಳಿದು ಬಾನೆಟ್ಟು ಎತ್ತಿದ. ಒಬ್ಬರನ್ನು ಕರೆಯುವುದಕ್ಕೆ ಅವನಿಗೆ ಗೊತ್ತಿದ್ದ ದಾರಿ ಅದೊಂದೇ.

ಅಗಸರವನೊಬ್ಬ ಮೊದಲು ನೀರು ತಂದ. ಬೇಡಣ್ಣ ಅಂದ ಸೊಣ್ಣಪ್ಪ. ಎಮ್ಮೆ ಮೈ ತೊಳೆಯಲು ಬಂದವನೊಬ್ಬ ತಂದ. ಬೇಡ ಅಂದ. ದಾರಿಯಲ್ಲಿ ಸೆರಗು ಕಂಡಾಗೆಲ್ಲ ಎದ್ದು ನಿಂತ. ಹೊತ್ತು ಇಳಿಯುವಾಗ ಒಬ್ಬ ಮುದುಕಿ ಚೊಂಬು ಹಿಡಿದು ಬಂದಳು. ಅವಳು ಕೇಳದೆಯೇ ರೇಡಿಯೇಟರಿನ ಮುಚ್ಚಳದ ಮೇಲೆ ಕೈಯಿಟ್ಟಳು. ಸೊಣ್ಣಪ್ಪ ತಡೆಯುವಷ್ಟರಲ್ಲಿ ಅವಳೇ ಕೈ ಹಿಂದಕ್ಕೆ ತೆಗೆದು ಅವನನ್ನು ನೋಡಿದಳು.

"ಇದು ತಣ್ಣಗೈತಲ್ಲಪ್ಪಾ?"

"ಊಂ ಕಣವ್ವ. ತಣ್ಣಗೈತೆ."

"ಮತ್ಯಾಕೆ ಎತ್ಕೊಂಡು ನಿಂತಿದೀಯ?"

ಅವನಿಗೆ ಇನ್ನು ಸುಳ್ಳು ಹೇಳುವ ಶಕ್ತಿಯಿರಲಿಲ್ಲ. "ಒಬ್ರು ನೀರು ತರೋರು ಇದ್ರವ್ವ," ಅಂದ.

ಮುದುಕಿ ಮುಂದಿನ ಸೀಟಿನ ಮೇಲೆ ಕೂತ ಕೊಡವನ್ನು ನೋಡಿದಳು, ಅವನ ಮುಖವನ್ನು ನೋಡಿದಳು. ಯಾರು, ಯಾರ ಪೈಕಿ ಎಂದು ಕೇಳಲಿಲ್ಲ. "ಬೊಗಸೆ ಒಡ್ಡು, ನೀನಾದ್ರೂ ಕುಡಿ," ಅಂದು ಚೊಂಬು ಬಗ್ಗಿಸಿದಳು. ಅವನು ಕುಡಿದ. ಬೆಳಗಿನಿಂದ ಒಂದು ತೊಟ್ಟು ನೀರು ಕುಡಿದಿಲ್ಲ ಎಂದು ಆಗ ನೆನಪಾಯಿತು.

ಆ ಸಂಜೆ ಏಳು ಮಂದಿ ನೀರು ತಂದರು. ಬಾನೆಟ್ಟು ಎತ್ತಿ ನಿಂತವನಿಗೆ ಬೇತಮಂಗಲ ಏನೂ ಕಡಿಮೆ ಮಾಡಲಿಲ್ಲ. ಮುನಿಗಂಗಮ್ಮ ಬರಲಿಲ್ಲ.

ಕೆರೆಯ ನೀರು ಕಪ್ಪಾಗಿ ಕಾಣುವವರೆಗೂ ನಿಂತಿದ್ದು, ಆಮೇಲೆ ಅವನು ಬಾನೆಟ್ಟು ಇಳಿಸಿದ. ಕೊಡದ ನೀರನ್ನು ಕೆಳಗೆ ಚೆಲ್ಲಲು ಮನಸ್ಸಾಗಲಿಲ್ಲ, ಇಂಜನ್ನಿಗೆ ಬೇಕಿರಲಿಲ್ಲ. ಅವಳು ಒಂದು ಸಲವೂ ಕೂರದೆ ಹೋದ ಸೀಟಿನ ಮೇಲೆ ಅದನ್ನು ಹಾಗೇ ಇಟ್ಟುಕೊಂಡು ಊರಿನ ದಾರಿ ಹಿಡಿದ. ಬೆಲ್ಟು ಬಿಗಿಯಾಗಿದ್ದುದರಿಂದ ಡೈನಮೋ ಸರಿಯಾಗಿ ತಿರುಗಿ ದೀಪಗಳು ಚೆನ್ನಾಗಿ ಉರಿದವು. ದಾರಿಯುದ್ದಕ್ಕೂ ಇಂಜನ್ನು ಒಂದಿಷ್ಟೂ ಬಿಸಿಯಾಗಲಿಲ್ಲ.